ಜಿಪ್ ಫೈಲ್ ತಯಾರಾಯಿತು ಎಂದರೆ ಎಲ್ಲ ಫೈಲ್‌ಗಳೂ ಅದರೊಳಗೆ ಸೇರಿವೆ ಎಂದೇ ಅರ್ಥವೇ?

ಸಾರಾಂಶ

ಹಲವು ಫೈಲ್‌ಗಳನ್ನು ಒಟ್ಟುಗೂಡಿಸಿ ಜಿಪ್ ಮಾಡಿದಾಗ, ಕೊನೆಯಲ್ಲಿ ಜಿಪ್ ಫೈಲ್ ಕಾಣಿಸಿಕೊಂಡರೆ ಕೆಲಸ ಪೂರ್ತಿ ಆಯಿತು ಎಂದು ಹೆಚ್ಚಿನವರು ನಂಬುತ್ತಾರೆ. ಈ ನಂಬಿಕೆ ಅರ್ಧ ಮಾತ್ರ ಸರಿ. ನಾವು ಹೇಳಿದ ಫೈಲ್‌ಗಳಲ್ಲಿ ಒಂದು ಸಿಗದೇ ಹೋದರೂ ಜಿಪ್, ಟಾರ್, 7-ಜಿಪ್‌ನಂತಹ ತಂತ್ರಾಂಶಗಳು ಉಳಿದವನ್ನು ಸೇರಿಸಿ ಕೆಲಸ ಮುಗಿಸುತ್ತವೆ. ಏನಾಯಿತು ಎಂಬುದನ್ನು ‘ಎಕ್ಸಿಟ್ ಕೋಡ್’ ಎಂಬ ಸಂಖ್ಯೆಯ ಮೂಲಕ ತಿಳಿಸುತ್ತವೆ. ಆ ಸಂಖ್ಯೆಯ ಅರ್ಥ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ರೀತಿ.

ಜನರ ನಂಬಿಕೆ ಏನು?

“ಮುಖ್ಯವಾದ ಕಾಗದಪತ್ರ, ಫೋಟೋಗಳನ್ನೆಲ್ಲ ಜಿಪ್ ಮಾಡಿ ಇಟ್ಟುಕೊಳ್ಳಿ, ಆಮೇಲೆ ಫೋನ್‌ನಿಂದ ಡಿಲೀಟ್ ಮಾಡಿ, ಜಾಗ ಉಳಿಯುತ್ತದೆ.” ಫೋನ್ ಮೆಮೊರಿ ತುಂಬಿದೆ ಎಂದು ಯಾರಾದರೂ ಗೋಳಾಡಿದರೆ ಗ್ರೂಪ್‌ಗಳಲ್ಲಿ ಬರುವ ಸಲಹೆ ಸಾಮಾನ್ಯವಾಗಿ ಹೀಗಿರುತ್ತದೆ. ಸಲಹೆಯ ಮೊದಲ ಭಾಗದಲ್ಲಿ ತಪ್ಪಿಲ್ಲ. ಅಪಾಯ ಇರುವುದು ‘ಆಮೇಲೆ ಡಿಲೀಟ್ ಮಾಡಿ’ ಎಂಬಲ್ಲಿ. ಜಿಪ್ ಫೈಲ್ ಕಣ್ಣಿಗೆ ಕಂಡಿತು ಎಂಬ ಒಂದೇ ಧೈರ್ಯದ ಮೇಲೆ ಮೂಲ ಫೈಲ್‌ಗಳನ್ನು ಅಳಿಸಿದರೆ, ಅದರಲ್ಲಿ ಸೇರದೇ ಉಳಿದ ಫೈಲ್ ಮತ್ತೆಂದೂ ಸಿಗದಿರಬಹುದು.

ಇದು ಫೋನ್ ಬಳಸುವವರ ಸಮಸ್ಯೆ ಮಾತ್ರ ಅಲ್ಲ. ಕಚೇರಿ, ಕಾಲೇಜು, ಸೈಬರ್ ಸೆಂಟರ್‌ಗಳಲ್ಲಿ ಪ್ರತಿ ರಾತ್ರಿ ತಾನಾಗಿಯೇ ಬ್ಯಾಕಪ್ ತೆಗೆಯುವ ವ್ಯವಸ್ಥೆಗಳ ಒಳಗೂ ಇಂತಹ ತಂತ್ರಾಂಶಗಳು ಕೆಲಸ ಮಾಡುತ್ತಿರಬಹುದು. ನಮ್ಮ ಅಂಕಪಟ್ಟಿಯೋ ಸಂಬಳದ ಲೆಕ್ಕವೋ ಉಳಿಯುತ್ತದೆಯೇ ಎಂಬುದು ಕೆಲವೊಮ್ಮೆ ಈ ಚಿಕ್ಕ ಸಂಖ್ಯೆಯನ್ನು ಯಾರಾದರೂ ಓದಿದರೇ ಎಂಬುದರ ಮೇಲೆ ನಿಂತಿರುತ್ತದೆ. ಹಾಗಾಗಿ ಇದನ್ನು ಬಿಡಿಸಿ ನೋಡೋಣ.

ಎಕ್ಸಿಟ್ ಕೋಡ್ ಎಂದರೇನು?

ಹಲವು ಫೈಲ್‌ಗಳನ್ನು ಒಂದೇ ಫೈಲ್ ಆಗಿ ಕಟ್ಟುವುದನ್ನು ‘ಆರ್ಕೈವ್’ ಮಾಡುವುದು ಎನ್ನುತ್ತಾರೆ. ಈ ಕೆಲಸವನ್ನು ಬಟನ್ ಒತ್ತಿ ಮಾಡಬಹುದು, ಇಲ್ಲವೇ ಕಂಪ್ಯೂಟರ್‌ನ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಮಾಡಬಹುದು. ಮನುಷ್ಯರು ಇಲ್ಲದ ಹೊತ್ತಿನಲ್ಲಿ ನಡೆಯುವ ಬ್ಯಾಕಪ್‌ಗಳಿಗೆ ಕಮಾಂಡ್ ವಿಧಾನವೇ ಅನುಕೂಲ.

ಕಮಾಂಡ್ ಮುಗಿದಾಗ ಪ್ರತಿಯೊಂದು ತಂತ್ರಾಂಶವೂ ತನ್ನನ್ನು ಚಾಲೂ ಮಾಡಿದವರಿಗೆ ಒಂದು ಸಂಖ್ಯೆಯನ್ನು ಒಪ್ಪಿಸಿ ಹೋಗುತ್ತದೆ. ಅದೇ ಎಕ್ಸಿಟ್ ಕೋಡ್. ಲಿನಕ್ಸ್ ಮತ್ತು ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇದು ಸಾಮಾನ್ಯವಾಗಿ 0ಯಿಂದ 255ರ ನಡುವೆ ಇರುತ್ತದೆ. 0 ಎಂದರೆ ಯಶಸ್ಸು, ಬೇರೆ ಯಾವ ಸಂಖ್ಯೆಯಾದರೂ ಏನೋ ಎಡವಟ್ಟು ಎಂಬುದು ರೂಢಿ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಫೇಲ್ ಎಂದು ತಿಳಿದ ನಮಗೆ ಇದು ವಿಚಿತ್ರ ಅನಿಸಬಹುದು. ಆದರೆ ಇದಕ್ಕೊಂದು ತರ್ಕವಿದೆ. ಗೆಲ್ಲುವುದಕ್ಕೆ ಇರುವುದು ಒಂದೇ ಬಗೆ, ಸೋಲುವುದಕ್ಕೆ ನೂರು ಕಾರಣ. ಯಶಸ್ಸಿಗೆ ಸೊನ್ನೆಯೊಂದನ್ನು ಕೊಟ್ಟರೆ ಉಳಿದ ಎಲ್ಲ ಸಂಖ್ಯೆಗಳನ್ನೂ ಸೋಲಿನ ಕಾರಣ ಹೇಳಲು ಬಳಸಬಹುದು.

ಬಸ್ ಕಂಡಕ್ಟರ್ ಹೇಳುವ ‘ರೈಟ್, ರೈಟ್’ ನೆನಪಿಸಿಕೊಳ್ಳಿ. ಡ್ರೈವರ್ ಹಿಂದಿರುಗಿ ಪ್ರಯಾಣಿಕರನ್ನು ಎಣಿಸುವುದಿಲ್ಲ. ಕಂಡಕ್ಟರ್ ‘ರೈಟ್’ ಎಂದರೆ ಗೇರ್ ಹಾಕುತ್ತಾರೆ. ಎಕ್ಸಿಟ್ ಕೋಡ್ ಅಂಥದ್ದೇ ಮಾತು. ಮುಂದಿನ ಕೆಲಸ ಶುರು ಮಾಡುವ ಪ್ರೋಗ್ರಾಂ ಪರದೆಯ ಮೇಲಿನ ಸಂದೇಶ ಓದುವುದಿಲ್ಲ, ಆ ಸಂಖ್ಯೆಯನ್ನಷ್ಟೇ ನೋಡುತ್ತದೆ. ಹಾಗಾದರೆ ಟೀ ಕುಡಿಯಲು ಇಳಿದ ಒಬ್ಬ ಪ್ರಯಾಣಿಕ ವಾಪಸ್ ಬಂದಿಲ್ಲದಿದ್ದರೆ ಕಂಡಕ್ಟರ್ ಏನು ಹೇಳಬೇಕು? ಇಲ್ಲೇ ತಂತ್ರಾಂಶಗಳ ದಾರಿ ಬೇರೆಯಾಗುವುದು.

ಒಂದೇ ಕೊರತೆ, ಬೇರೆ ಬೇರೆ ಉತ್ತರ

ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಹೀಗೆ ಮೂರು ಫೈಲ್‌ಗಳ ಹೆಸರು ಕೊಟ್ಟು ಆರ್ಕೈವ್ ಮಾಡಲು ಹೇಳಿದ್ದೇವೆ ಎಂದುಕೊಳ್ಳಿ. ಆದಾಯ ಪ್ರಮಾಣಪತ್ರದ ಫೈಲ್ ಆ ಜಾಗದಲ್ಲಿ ಇಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರಬಹುದು, ಬೇರೆ ಫೋಲ್ಡರ್‌ಗೆ ಹೋಗಿರಬಹುದು.

ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಗ್ನೂ ಟಾರ್ ಉಳಿದ ಎರಡನ್ನು ಸೇರಿಸಿ ಆರ್ಕೈವ್ ಮಾಡುತ್ತದೆ. ಅಂತಹ ಫೈಲ್ ಇಲ್ಲ ಎಂದು ಪರದೆಯ ಮೇಲೆ ತಿಳಿಸುತ್ತದೆ. ಎಕ್ಸಿಟ್ ಕೋಡ್ 2 ಕೊಡುತ್ತದೆ, ಅಂದರೆ ಗಂಭೀರ ದೋಷ.

7-ಜಿಪ್ ಕೂಡ ಉಳಿದ ಎರಡನ್ನು ಸೇರಿಸುತ್ತದೆ, ಎಚ್ಚರಿಕೆ ತೋರಿಸುತ್ತದೆ, ಕೋಡ್ 1 ಕೊಡುತ್ತದೆ. ಅದರ ಲೆಕ್ಕದಲ್ಲಿ 1 ಎಂದರೆ ‘ಎಚ್ಚರಿಕೆ ಇದೆ, ಆದರೆ ಕೆಲಸ ನಿಂತಿಲ್ಲ’. ಗಂಭೀರ ದೋಷಕ್ಕೆ 2, ಮೆಮೊರಿ ಸಾಲದಿದ್ದರೆ 8, ಬಳಕೆದಾರರೇ ಅರ್ಧಕ್ಕೆ ನಿಲ್ಲಿಸಿದರೆ 255.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಇನ್ಫೋ-ಜಿಪ್‌ನ ‘ಜಿಪ್’ ಕಮಾಂಡ್ ಉಳಿದ ಎರಡನ್ನು ಸೇರಿಸುತ್ತದೆ, ಆ ಹೆಸರಿನದು ಸಿಗಲಿಲ್ಲ ಎಂಬ ಒಂದು ಸಾಲಿನ ಎಚ್ಚರಿಕೆ ತೋರಿಸುತ್ತದೆ, ಕೊನೆಗೆ 0 ಕೊಡುತ್ತದೆ. ಹೌದು, ಯಶಸ್ಸು! ಕೊಟ್ಟ ಹೆಸರುಗಳಲ್ಲಿ ಒಂದೂ ಸಿಗದಿದ್ದರೆ ಮಾತ್ರ ‘ಮಾಡಲು ಕೆಲಸವೇ ಇಲ್ಲ’ ಎಂಬ ಅರ್ಥದ 12 ಬರುತ್ತದೆ. ಫೈಲ್ ಇದೆ, ಆದರೆ ಓದಲು ಆಗಲಿಲ್ಲ ಎಂದಾದರೆ 18.

ಅಂದರೆ ಒಂದೇ ಫೈಲ್ ಕಾಣೆಯಾದದ್ದಕ್ಕೆ ಮೂರು ತಂತ್ರಾಂಶಗಳು 2, 1, 0 ಎಂದು ಮೂರು ಉತ್ತರ ಕೊಟ್ಟವು. ಮೂರೂ ಸಂದರ್ಭದಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಎರಡೇ ಫೈಲ್ ಇರುವ ಆರ್ಕೈವ್. ಅದನ್ನು ಹೊರಗಿನಿಂದ ನೋಡಿದರೆ ಕೊರತೆ ಗೊತ್ತಾಗುವುದಿಲ್ಲ.

ಹೆಸರು ಒಂದೇ ಇದ್ದರೂ ನಡವಳಿಕೆ ಒಂದೇ ಇರಬೇಕೆಂದಿಲ್ಲ. ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಇರುವ ಟಾರ್ ಬೇರೆ ಮೂಲದ್ದು. ದೋಷವಾದರೆ ಸೊನ್ನೆಗಿಂತ ದೊಡ್ಡ ಸಂಖ್ಯೆ ಕೊಡುತ್ತೇನೆ ಎಂದಷ್ಟೇ ಅದರ ಕೈಪಿಡಿ ಹೇಳುತ್ತದೆ. ವಿಂಡೋಸ್‌ನ ಫೈಲ್ ನಕಲು ಮಾಡುವ ರೋಬೋಕಾಪಿಯಲ್ಲಂತೂ ರೂಢಿಯೇ ಬೇರೆ. ಅಲ್ಲಿ 0 ಎಂದರೆ ನಕಲು ಮಾಡಬೇಕಾದ ಫೈಲ್ ಯಾವುದೂ ಇರಲಿಲ್ಲ, 1 ಎಂದರೆ ಫೈಲ್‌ಗಳು ಸರಿಯಾಗಿ ನಕಲಾದವು. 8 ಮತ್ತು ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಮಾತ್ರ ವಿಫಲ. ‘ಸೊನ್ನೆ ಬಂದರೆ ಮಾತ್ರ ಸರಿ’ ಎಂದು ಕಣ್ಣು ಮುಚ್ಚಿ ನಂಬಿದರೆ ಇಲ್ಲಿ ಯಶಸ್ಸನ್ನೇ ಸೋಲು ಎಂದುಕೊಳ್ಳುತ್ತೇವೆ.

ತಂತ್ರಾಂಶಗಳು ಅಲ್ಲೇ ಏಕೆ ನಿಲ್ಲುವುದಿಲ್ಲ?

ಇದನ್ನು ತಂತ್ರಾಂಶ ಬರೆದವರ ಅಜಾಗ್ರತೆ ಎಂದು ತಿಳಿಯಬೇಕಿಲ್ಲ. ‘ಟಾರ್’ ಎಂಬ ಹೆಸರು ಬಂದಿದ್ದೇ ಟೇಪ್ ಆರ್ಕೈವ್ ಎಂಬ ಮಾತಿನಿಂದ. 1979ರ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಬಂದ ಇದರ ಕೆಲಸ ಫೈಲ್‌ಗಳನ್ನು ಮ್ಯಾಗ್ನೆಟಿಕ್ ಟೇಪ್‌ಗೆ ಇಳಿಸುವುದು. ಸಾವಿರಾರು ಫೈಲ್‌ಗಳ ಬ್ಯಾಕಪ್ ನಡೆಯುತ್ತಿರುವಾಗಲೇ ಕೆಲವು ಫೈಲ್‌ಗಳು ಹುಟ್ಟುತ್ತವೆ, ಕೆಲವು ಅಳಿಯುತ್ತವೆ. ಒಂದು ತಾತ್ಕಾಲಿಕ ಫೈಲ್ ಮಾಯವಾಯಿತು ಎಂದು ಇಡೀ ರಾತ್ರಿಯ ಬ್ಯಾಕಪ್ ನಿಂತರೆ ನಷ್ಟವೇ ಹೆಚ್ಚು. ಸಿಕ್ಕಷ್ಟನ್ನು ಉಳಿಸಿಕೊಂಡು ಸಿಗದ್ದನ್ನು ವರದಿ ಮಾಡುವುದು ಅಲ್ಲಿ ಜಾಣತನ.

ಆದರೆ ವಿದ್ಯಾರ್ಥಿವೇತನದ ಅರ್ಜಿಗೆ ಮೂರು ದಾಖಲೆ ಕಳಿಸುವವರಿಗೆ ಎರಡೇ ಸಿಕ್ಕರೆ ಸಾಲದು. ಒಂದು ಇಲ್ಲದಿದ್ದರೆ ಅರ್ಜಿಯೇ ತಿರಸ್ಕೃತ. ಅವರಿಗೆ ಬೇಕಿರುವುದು ‘ಎಲ್ಲರೂ ಹತ್ತುವವರೆಗೆ ಬಸ್ ಬಿಡಬೇಡಿ’ ಎನ್ನುವ ಕಂಡಕ್ಟರ್. ನಮ್ಮದು ಯಾವ ಸಂದರ್ಭ ಎಂಬುದು ತಂತ್ರಾಂಶಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ನಾವೇ ಹೇಳಬೇಕು. ಇನ್ಫೋ-ಜಿಪ್‌ನ 3.0 ಆವೃತ್ತಿಯಲ್ಲಿ ಇದಕ್ಕೆಂದೇ ‘ಎಂಎಂ’ ಎಂಬ ಆಯ್ಕೆ ಇದೆ, ಎರಡೂ ಅಕ್ಷರ ದೊಡ್ಡವು. ಅದನ್ನು ಕೊಟ್ಟರೆ ಒಂದು ಹೆಸರು ಸಿಗದಿದ್ದರೂ ಜಿಪ್ ಅಲ್ಲೇ ನಿಂತು ದೋಷದ ಕೋಡ್ ಕೊಡುತ್ತದೆ, ಆರ್ಕೈವ್ ತಯಾರಾಗುವುದೇ ಇಲ್ಲ. ಕೊರತೆಯ ಜಿಪ್‌ಗಿಂತ ಜಿಪ್ ಇಲ್ಲದಿರುವುದೇ ಮೇಲು ಎನ್ನುವವರಿಗೆ ಇದು ಸರಿ.

ನಿಜವಾದ ಅಪಾಯ ಎಲ್ಲಿ?

ಹೊಸ ಬ್ಯಾಕಪ್ ತಯಾರಾದ ಮೇಲೆ ಹಳೆಯದನ್ನು ಅಳಿಸುವುದು ಹಲವು ಕಡೆ ಪದ್ಧತಿ. ‘ಹೊಸ ಜಿಪ್ ಮಾಡು, ಕೋಡ್ 0 ಬಂದರೆ ಹಳೆಯ ಜಿಪ್ ಅಳಿಸು’ ಎಂದು ಸ್ಕ್ರಿಪ್ಟ್ ಬರೆದಿದ್ದಾರೆ ಎಂದುಕೊಳ್ಳಿ. ಕಾಣೆಯಾದ ಫೈಲ್‌ನ ಕೊನೆಯ ಪ್ರತಿ ಇರುವುದು ಹಳೆಯ ಜಿಪ್‌ನಲ್ಲೇ. ಹೊಸದರಲ್ಲಿ ಅದು ಇಲ್ಲ, ಆದರೂ ಕೋಡ್ 0 ಬಂದಿದೆ. ಸ್ಕ್ರಿಪ್ಟ್ ಹೇಳಿದಂತೆ ಹಳೆಯದನ್ನು ಅಳಿಸುತ್ತದೆ. ಯಾರೂ ತಪ್ಪು ಬಟನ್ ಒತ್ತಲಿಲ್ಲ, ಯಾವ ತಂತ್ರಾಂಶವೂ ಕೆಟ್ಟಿಲ್ಲ, ಆದರೂ ಫೈಲ್ ಶಾಶ್ವತವಾಗಿ ಹೋಯಿತು.

ಇದಕ್ಕೆ ಎದುರಾದ ತೊಂದರೆಯೂ ಇದೆ. ಗ್ನೂ ಟಾರ್ ಒಂದು ಫೈಲನ್ನು ಓದುತ್ತಿರುವಾಗಲೇ ಅದು ಬದಲಾದರೆ ಕೋಡ್ 1 ಕೊಡುತ್ತದೆ. ಸದಾ ಬರೆಯುತ್ತಲೇ ಇರುವ ಲಾಗ್ ಫೈಲ್‌ಗಳಿರುವ ಕಂಪ್ಯೂಟರ್‌ನಲ್ಲಿ ಇದು ದಿನವೂ ಬರಬಹುದು. ದಿನವೂ ಬರುವ ಎಚ್ಚರಿಕೆಗೆ ಯಾರೂ ಕಿವಿಗೊಡುವುದಿಲ್ಲ. ‘ತೋಳ ಬಂತು ತೋಳ’ ಕಥೆಯಂತೆ, ನಿಜವಾದ 2 ಬಂದ ದಿನವೂ ಅದು ಲೆಕ್ಕಕ್ಕೆ ಬರುವುದಿಲ್ಲ. ಎಚ್ಚರಿಕೆಯ 1 ಮತ್ತು ದೋಷದ 2 ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಇದನ್ನು ತಪ್ಪಿಸಬಹುದು. ಫೈಲ್ ನಕಲು ಮಾಡುವ ಆರ್‌ಸಿಂಕ್ ಎಂಬ ತಂತ್ರಾಂಶದಲ್ಲಿ, ನಕಲು ನಡೆಯುವಾಗಲೇ ಮೂಲ ಫೈಲ್ ಮಾಯವಾದರೆ ಎಂದೇ 24 ಎಂಬ ಪ್ರತ್ಯೇಕ ಕೋಡ್ ಇದೆ.

ಕೋಡ್ 0 ಬಂದರೂ ಫೈಲ್ ಬಿಟ್ಟುಹೋಗಬಹುದೇ?

ಹೋಗಬಹುದು. ನಾವು ಕೇಳಿದ್ದು ಆಯಿತೇ ಎಂಬುದಕ್ಕೆ ಮಾತ್ರ ಕೋಡ್ ಉತ್ತರ. ನಾವು ಕೇಳಲು ಮರೆತದ್ದರ ಬಗ್ಗೆ ಅದಕ್ಕೆ ಏನೂ ತಿಳಿಯದು. ಮೂರು ಸಾಮಾನ್ಯ ಸಂದರ್ಭಗಳು ಹೀಗಿವೆ.

ಒಂದು, ಇಡೀ ಫೋಲ್ಡರ್ ಹೆಸರು ಕೊಟ್ಟಾಗ. ಅದರಲ್ಲಿ ನಿನ್ನೆ ನೂರು ಫೈಲ್ ಇದ್ದವು, ಇಂದು ತೊಂಬತ್ತು ಇವೆ ಎಂದರೆ ತಂತ್ರಾಂಶ ತೊಂಬತ್ತನ್ನು ಸೇರಿಸಿ ಯಶಸ್ಸು ಎನ್ನುತ್ತದೆ. ನಿನ್ನೆಯ ಲೆಕ್ಕ ಅದರ ಬಳಿ ಇಲ್ಲ.

ಎರಡು, ‘ಜೆಪಿಜಿ ಎಂದು ಮುಗಿಯುವ ಎಲ್ಲ ಫೈಲ್‌ಗಳು’ ಎಂದು ನಕ್ಷತ್ರ ಚಿಹ್ನೆ ಬಳಸಿ ಹೇಳಿದಾಗ. ಲಿನಕ್ಸ್‌ನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಹಲವು ಕ್ಯಾಮೆರಾಗಳು ದೊಡ್ಡಕ್ಷರದಲ್ಲಿ ಹೆಸರಿಡುತ್ತವೆ. ಸಣ್ಣಕ್ಷರದಲ್ಲಿ ಕೇಳಿದರೆ ಆ ಫೋಟೋಗಳೆಲ್ಲ ಸದ್ದಿಲ್ಲದೆ ಹೊರಗುಳಿಯುತ್ತವೆ.

ಮೂರು, ಒಂದು ಕಮಾಂಡ್‌ನ ಫಲಿತಾಂಶವನ್ನು ಇನ್ನೊಂದಕ್ಕೆ ದಾಟಿಸಿದಾಗ. ಟಾರ್ ಕಟ್ಟಿದ್ದನ್ನು ಜಿಜಿಪ್ ಎಂಬ ತಂತ್ರಾಂಶ ಕುಗ್ಗಿಸುವುದು ಸಾಮಾನ್ಯ ಜೋಡಣೆ. ಲಿನಕ್ಸ್‌ನ ಬ್ಯಾಷ್ ಇಂತಹ ಸರಣಿಯಲ್ಲಿ ಕೊನೆಯ ಕಮಾಂಡ್‌ನ ಕೋಡ್ ಮಾತ್ರ ನಮಗೆ ಕೊಡುತ್ತದೆ. ಟಾರ್ 2 ಎಂದರೂ ಜಿಜಿಪ್ 0 ಎಂದರೆ ನಮಗೆ ಕಾಣುವುದು 0. ಇದನ್ನು ಸರಿಪಡಿಸಲು ಬ್ಯಾಷ್‌ನಲ್ಲಿ ‘ಪೈಪ್‌ಫೇಲ್’ ಎಂಬ ಆಯ್ಕೆ ಇದೆ.

‘ಟೆಸ್ಟ್’ ಮಾಡಿದರೆ ಗೊತ್ತಾಗುವುದಿಲ್ಲವೇ?

ಜಿಪ್ ಫೈಲ್ ಸರಿ ಇದೆಯೇ ಎಂದು ಪರೀಕ್ಷಿಸುವ ಸೌಲಭ್ಯ ಹೆಚ್ಚಿನ ತಂತ್ರಾಂಶಗಳಲ್ಲಿ ಇದೆ. ಜಿಪ್ ಒಳಗಿನ ಪ್ರತಿ ಫೈಲ್‌ಗೂ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಬರೆದಿಟ್ಟಿರುತ್ತಾರೆ. ಪರೀಕ್ಷೆಯಲ್ಲಿ ಅದನ್ನು ಮತ್ತೆ ಲೆಕ್ಕ ಹಾಕಿ ಹೋಲಿಸಲಾಗುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೆ, ಪೆನ್‌ಡ್ರೈವ್ ಹಾಳಾಗಿದ್ದರೆ ಇದು ಹಿಡಿದುಕೊಡುತ್ತದೆ.

ಆದರೆ ಒಳಗೆ ಇರುವ ಫೈಲ್ ಕೆಟ್ಟಿದೆಯೇ ಎಂದಷ್ಟೇ ಈ ಪರೀಕ್ಷೆ ನೋಡುತ್ತದೆ. ಒಳಗೆ ಬಾರದೇ ಇರುವ ಫೈಲ್‌ಗೆ ತಾಳೆ ಸಂಖ್ಯೆಯೂ ಇಲ್ಲ. ಎರಡೇ ದಾಖಲೆ ಇರುವ ನಮ್ಮ ಉದಾಹರಣೆಯ ಜಿಪ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಟೆಸ್ಟ್ ಪಾಸಾಗುವುದು ಬೇರೆ, ಎಲ್ಲವೂ ಇರುವುದು ಬೇರೆ.

ದೊಡ್ಡ ಕಂಪನಿಯಲ್ಲೂ ಹೀಗಾದದ್ದು

ಕೋಡ್ ಅಥವಾ ದೋಷದ ಸಂದೇಶ ಬಂದರೂ ಅದು ಮನುಷ್ಯರನ್ನು ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್ ಪ್ರಕರಣ ಸಾಕ್ಷಿ. ತಂತ್ರಾಂಶ ಬರೆಯುವವರು ತಮ್ಮ ಕೆಲಸ ಇಟ್ಟುಕೊಳ್ಳುವ ಈ ಜಾಲತಾಣದಲ್ಲಿ 2017ರ ಜನವರಿ 31ರಂದು ತೊಂದರೆಯೊಂದನ್ನು ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಸರ್ವರ್‌ನ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಪ್ರತಿದಿನ ಬ್ಯಾಕಪ್ ಆಗಬೇಕಿದ್ದ ಜಾಗವನ್ನು ತೆರೆದು ನೋಡಿದರೆ ಅದು ಖಾಲಿ.

ಡೇಟಾಬೇಸ್ 9.6 ಆವೃತ್ತಿಯದ್ದು, ಬ್ಯಾಕಪ್ ತೆಗೆಯುವ ಸಾಧನ 9.2 ಆವೃತ್ತಿಯದ್ದು. ಹೀಗಾಗಿ ಆ ಸಾಧನ ದೋಷ ವರದಿ ಮಾಡಿ ನಿಲ್ಲುತ್ತಿತ್ತು. ಆ ವರದಿಯ ಇಮೇಲ್‌ಗಳು ಡಿಮಾರ್ಕ್ ಎಂಬ ಇಮೇಲ್ ಸುರಕ್ಷತಾ ನಿಯಮಕ್ಕೆ ಹೊಂದದ ಕಾರಣ ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಮೊದಲು ಬೇರೆ ಕಾರಣಕ್ಕೆ ತೆಗೆದಿದ್ದ ಪ್ರತಿಯೊಂದು ಇದ್ದದ್ದರಿಂದ ಹೆಚ್ಚಿನ ಮಾಹಿತಿ ಉಳಿಯಿತು. ಆ ನಡುವಿನ ಅವಧಿಯ ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಕಾಮೆಂಟ್‌ಗಳು ಮತ್ತು 700 ಹೊಸ ಬಳಕೆದಾರರ ಖಾತೆಗಳ ಮೇಲೆ ಪರಿಣಾಮವಾಗಿದೆ ಎಂದು ಕಂಪನಿ ಅಂದಾಜಿಸಿತು. ಈ ವಿವರಗಳನ್ನೆಲ್ಲ ಕಂಪನಿಯೇ ಸಾರ್ವಜನಿಕವಾಗಿ ಪ್ರಕಟಿಸಿದೆ.

ಇಲ್ಲಿ ಸಾಧನ ತನ್ನ ಕೆಲಸ ಆಗಲಿಲ್ಲ ಎಂದು ಹೇಳಿತ್ತು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ, ಬ್ಯಾಕಪ್ ಜಾಗವನ್ನು ಯಾರೂ ತೆರೆದು ನೋಡಿರಲಿಲ್ಲ.

ನಾವು ಫೋನ್‌ನಲ್ಲಿ ಏನು ಮಾಡಬಹುದು?

ಫೋನ್ ಆ್ಯಪ್‌ಗಳು ಎಕ್ಸಿಟ್ ಕೋಡ್ ತೋರಿಸುವುದಿಲ್ಲ. ಆದರೆ ಪರಿಶೀಲನೆ ನಮ್ಮ ಕೈಯಲ್ಲೇ ಇದೆ.

• ಎಣಿಸಿ. ಆಯ್ಕೆ ಮಾಡುವಾಗ ಎಷ್ಟು ಫೈಲ್ ಎಂದು ಪರದೆಯ ಮೇಲೆ ಬರುತ್ತದೆ. ಜಿಪ್ ತೆರೆದು ಒಳಗೂ ಅಷ್ಟೇ ಇವೆಯೇ ನೋಡಿ.

• ಗಾತ್ರ ನೋಡಿ. ಜೆಪಿಜಿ ಫೋಟೋ, ಎಂಪಿ4 ವಿಡಿಯೋಗಳು ಮೊದಲೇ ಕುಗ್ಗಿಸಿದ ರೂಪದಲ್ಲಿರುವುದರಿಂದ ಜಿಪ್ ಮಾಡಿದರೂ ಅಷ್ಟಾಗಿ ಚಿಕ್ಕದಾಗುವುದಿಲ್ಲ. 1 ಜಿಬಿ ಫೋಟೋಗಳ ಜಿಪ್ 400 ಎಂಬಿ ಬಂದರೆ ಖುಷಿಪಡಬೇಡಿ, ಏನೋ ಬಿಟ್ಟುಹೋಗಿದೆ ಎಂದು ಅನುಮಾನಿಸಿ. ಹಾಗೆಯೇ ಫೋಟೋಗಳನ್ನು ಜಿಪ್ ಮಾಡಿದರೆ ತುಂಬ ಜಾಗ ಉಳಿಯುತ್ತದೆ ಎಂಬ ಮಾತೂ ಸರಿಯಲ್ಲ.

• ಭಾಗಗಳನ್ನು ಗಮನಿಸಿ. ಗೂಗಲ್ ಡ್ರೈವ್, ಗೂಗಲ್ ಟೇಕ್‌ಔಟ್‌ನಿಂದ ಹೆಚ್ಚು ಫೈಲ್‌ಗಳನ್ನು ಇಳಿಸಿಕೊಂಡರೆ ಹಲವು ಜಿಪ್‌ಗಳಾಗಿ ಬರಬಹುದು. ಮೊದಲನೆಯದನ್ನು ಮಾತ್ರ ಉಳಿಸಿಕೊಂಡರೆ ಉಳಿದ ಭಾಗ ಹೋದಂತೆಯೇ.

• ತೆರೆದು ನೋಡಿ. ಮುಖ್ಯವಾದ ಎರಡು ಮೂರು ಫೈಲ್‌ಗಳನ್ನು ಜಿಪ್‌ನಿಂದ ಹೊರತೆಗೆದು ಓದಿ ನೋಡಿ. ಸಾಧ್ಯವಾದರೆ ಬೇರೆ ಫೋನ್ ಅಥವಾ ಕಂಪ್ಯೂಟರ್‌ನಲ್ಲಿ.

• ಅಳಿಸುವುದು ಕೊನೆಯ ಹೆಜ್ಜೆ. ಇಷ್ಟೂ ಆದ ಮೇಲೆ, ಇನ್ನೊಂದು ಕಡೆ ಪ್ರತಿ ಇದೆ ಎಂದು ಖಚಿತವಾದ ಮೇಲೆ ಮಾತ್ರ ಮೂಲ ಫೈಲ್ ಅಳಿಸಿ.

ಕಚೇರಿಯಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ಬರೆಯುವವರಿಗೆ ಇನ್ನೂ ನಾಲ್ಕು ಮಾತು. ಕಮಾಂಡ್ ಮುಗಿದ ಕೂಡಲೇ ಕೋಡ್ ಓದಿಟ್ಟುಕೊಳ್ಳಿ, ಮುಂದಿನ ಕಮಾಂಡ್ ನಡೆದರೆ ಹಳೆಯ ಸಂಖ್ಯೆ ಹೋಗಿರುತ್ತದೆ. ನೀವು ಬಳಸುವ ತಂತ್ರಾಂಶದ ಕೈಪಿಡಿಯಲ್ಲಿ ಆ ಸಂಖ್ಯೆಗಳ ಅರ್ಥ ನೋಡಿ. ಹಳೆಯ ಬ್ಯಾಕಪ್ ಅಳಿಸುವ ಮೊದಲು ಹೊಸದರ ಫೈಲ್ ಪಟ್ಟಿಯನ್ನು ಇರಬೇಕಾದ ಪಟ್ಟಿಯ ಜೊತೆ ಹೋಲಿಸಿ. ದೋಷದ ಸಂದೇಶ ನಿಜಕ್ಕೂ ನಿಮ್ಮನ್ನು ತಲುಪುತ್ತದೆಯೇ ಎಂದು ಒಮ್ಮೆ ಬೇಕೆಂದೇ ದೋಷ ಮಾಡಿಸಿ ಪರೀಕ್ಷಿಸಿ.

ಕೊನೆಯ ಮಾತು

ಜಿಪ್ ಫೈಲ್ ತಯಾರಾದರೆ ಎಲ್ಲವೂ ಅದರಲ್ಲಿದೆ ಎಂಬ ನಂಬಿಕೆ ತಪ್ಪು ದಾರಿಗೆಳೆಯುವಂಥದ್ದು. ‘ಯಶಸ್ವಿ’ ಎಂಬ ಮಾತು ಅಥವಾ ಸೊನ್ನೆ ಎಂಬ ಕೋಡ್, ತಂತ್ರಾಂಶ ತನ್ನ ಲೆಕ್ಕದಲ್ಲಿ ಕೆಲಸ ಮುಗಿಸಿತು ಎಂದಷ್ಟೇ ಹೇಳುತ್ತದೆ. ನಮಗೆ ಬೇಕಾದ ಫೈಲ್ ಅದರೊಳಗೆ ಇದೆಯೇ ಎಂಬುದನ್ನು ತೆರೆದು, ಎಣಿಸಿ ನೋಡಿಯೇ ತಿಳಿಯಬೇಕು. ಮುಂದಿನ ಸಲ ‘ಜಿಪ್ ಮಾಡಿ, ಡಿಲೀಟ್ ಮಾಡಿ’ ಎಂಬ ಸಂದೇಶ ಬಂದರೆ ಅದನ್ನು ಮುಂದೆ ಕಳಿಸುವಾಗ ನಡುವೆ ಒಂದು ಮಾತು ಸೇರಿಸಿ: ‘ಜಿಪ್ ಮಾಡಿ, ತೆರೆದು ನೋಡಿ, ಆಮೇಲೆ ಡಿಲೀಟ್ ಮಾಡಿ.’